ನಡುನೀರಲ್ಲಿ ನಿಂತ ದೋಣಿ

ಮೊನ್ನೆ ಊರಿಗೆ ಹೋಗಿದ್ದಾಗ ನೊಣವಿನಕೆರೆಯ ಕೆರೆಯಲ್ಲಿ ನನ್ನ ರಿಮೋಟ್ ದೋಣಿ ನಡುನೀರಲ್ಲೇ ನಿಂತುಬಿಟ್ಟಿತು. ಅಕ್ಕನ ಮಗ ಅಂಗಿ ಬಿಚ್ಚುತ್ತಾ "ಈಜಿ ತರ್ತೀನಿ ಮಾಮ" ಅಂದ. ಎದೆ ಧಸಕ್ಕೆಂದಿತು! ರಟ್ಟೆ ಹಿಡಿದು ಕೂರಿಸಿದೆ. ಸಂಜೆ ಗಾಳಿಯೇ ದೋಣಿಯನ್ನು ದಡಕ್ಕೆ ತಂದಿತು.

ತಪ್ಪು ಬ್ಯಾಟರಿಯದಲ್ಲ, ನನ್ನದೇ. ಪ್ರೊಪೆಲರ್‌ಗೆ ಕಳೆ ಸುತ್ತಿಕೊಂಡಿದ್ದರೂ ಥ್ರಾಟಲ್ ಒತ್ತುತ್ತಲೇ ಇದ್ದೆ. ತಿರುಗಲು ಒದ್ದಾಡುವ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತೆ, ಬ್ಯಾಟರಿ ಬಿಸಿಯಾಗಿ ಬೇಗ ಇಳಿಯುತ್ತೆ. ಲಿಥಿಯಂ ಪಾಲಿಮರ್ ಸೆಲ್ ತುಂಬಿದಾಗ 4.2 ವೋಲ್ಟ್, 3ಕ್ಕಿಂತ ಕೆಳಗಿಳಿದರೆ ಕೆಡುತ್ತೆ. ಅದಕ್ಕೇ ಸ್ಪೀಡ್ ಕಂಟ್ರೋಲರ್ ಮೊದಲೇ ಮೋಟಾರ್ ನಿಲ್ಲಿಸುತ್ತೆ. ಬ್ಯಾಟರಿ ಉಳಿಯುತ್ತೆ, ದೋಣಿ ಅಲ್ಲೇ!

ನನ್ನ ಪ್ರಕಾರ ಐದರಲ್ಲೊಂದು ಪಾಲು ಚಾರ್ಜ್ ಇರುವಾಗಲೇ ದಡ ಸೇರಬೇಕು. ಗಡಿಯಾರ ನೋಡಿಕೊಂಡು ಓಡಿಸಿ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲೇಬೇಡಿ. ದೋಣಿ ಹೋದರೆ ಇನ್ನೊಂದು ತರಬಹುದು, ಹುಡುಗನನ್ನು...?

ನೀವೇನಂತೀರಿ?