ನೆಲೆ ಕೊಡುವುದೂ ನೆರೆಯಾಗುವುದೂ

ನಿರಾಶ್ರಿತರ ವಿಚಾರದಲ್ಲಿ ಪುನರ್ವಸತಿಯನ್ನೂ ಸಾಮಾಜಿಕ ಬೆಸುಗೆಯನ್ನೂ ಒಂದೇ ಎಂದು ಭಾವಿಸುವ ರೂಢಿಯಿದೆ. ಪುನರ್ವಸತಿಯೆಂದರೆ ನಾಡು ತೊರೆದು ಬಂದವರಿಗೆ ನೆಲ, ಸೂರು, ದುಡಿಮೆಗಳನ್ನು ಒದಗಿಸುವುದು. ಬೆಸುಗೆಯೆಂದರೆ ಬಂದವರೂ ಮೊದಲಿನಿಂದ ಇದ್ದವರೂ ಸಮಾನ ಭರವಸೆಯಿಂದ ಒಡನಾಡುವಂತಾಗುವುದು. ಮೊದಲನೆಯದು ಸರ್ಕಾರದ ಆದೇಶದಿಂದ ಆಗಬಹುದಾದರೂ ಎರಡನೆಯದಕ್ಕೆ ತಲೆಮಾರುಗಳೇ ಬೇಕಾಗುತ್ತವೆ ಎಂಬುದಕ್ಕೆ ಕರ್ನಾಟಕದ ಟಿಬೆಟನ್ ವಸಾಹತುಗಳೇ ಸಾಕ್ಷಿ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ಟಿಬೆಟನ್ ನಿರಾಶ್ರಿತರಿಗೆ ನೀಡಿತು. 1961ರಲ್ಲಿ ಅಲ್ಲಿ ವಸಾಹತು ಆರಂಭವಾಯಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳ ಸುತ್ತಲೂ ಇಂಥವೇ ನೆಲೆಗಳು ಎದ್ದವು. ಒಟ್ಟಾಗಿ ನೆಲೆಸಿದ್ದರಿಂದ ಟಿಬೆಟನ್ನರ ಭಾಷೆ, ಧರ್ಮ, ವಿದ್ಯೆಗಳು ಉಳಿದವು. ಆದರೆ ತಮ್ಮದೇ ಶಾಲೆ, ಆಸ್ಪತ್ರೆ, ಸಹಕಾರ ಸಂಘಗಳುಳ್ಳ, ಸುತ್ತಲಿನವರು ಇಂದಿಗೂ 'ಕ್ಯಾಂಪ್' ಎಂದೇ ಕರೆಯುವ ಈ ನೆಲೆಗಳಲ್ಲಿ ಮಕ್ಕಳು ನೆರೆಯೂರಿನ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕೂತು ಕಲಿಯುವ ಅವಕಾಶ ಕಡಿಮೆಯಾಯಿತು.

ಮಹಾನಗರದಲ್ಲಿ ಹೊಸಬರು ಎದ್ದು ಕಾಣುವುದಿಲ್ಲ; ಸಣ್ಣ ಊರಿನಲ್ಲಾದರೋ ಬಂದವರಿಗೆ ದೊರೆತ ಪ್ರತಿ ಎಕರೆಯೂ, ಹೊರಗಿನಿಂದ ಹರಿದುಬಂದ ಪ್ರತಿ ನೆರವೂ ಭೂಹೀನ ಸ್ಥಳೀಯನ ಕಣ್ಣಿಗೆ ಬೀಳುತ್ತದೆ. ಈ ಅಸಮಾಧಾನವನ್ನು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕಲಾಗದು. ಬೈಲುಕುಪ್ಪೆಯಲ್ಲಿ ಅದನ್ನು ಬಹುಮಟ್ಟಿಗೆ ತಣಿಸಿದ್ದು ಪರಸ್ಪರ ಅವಲಂಬನೆ: ಟಿಬೆಟನ್ನರ ಮುಸುಕಿನ ಜೋಳದ ಹೊಲಗಳಲ್ಲಿ ಸ್ಥಳೀಯರಿಗೆ ಕೂಲಿ ಸಿಕ್ಕಿತು, ನಾಮ್‌ಡ್ರೋಲಿಂಗ್ ಮಠದ 'ಗೋಲ್ಡನ್ ಟೆಂಪಲ್' ನೋಡಬರುವ ಪ್ರವಾಸಿಗರಿಂದ ಹತ್ತಿರದ ಕುಶಾಲನಗರದ ಅಂಗಡಿ, ಹೋಟೆಲು, ಆಟೋಗಳಿಗೆ ವ್ಯಾಪಾರ ಕುದುರಿತು.

ಆದರೆ ವ್ಯವಹಾರದ ನಂಟು ಕಾನೂನಿನ ಭದ್ರತೆಗೆ ಬದಲಿಯಾಗದು. ನಿರಾಶ್ರಿತರ ಹಕ್ಕುಗಳನ್ನು ನಿರೂಪಿಸುವ 1951ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲವಾದ್ದರಿಂದ, ಪೌರತ್ವ ಪಡೆಯದ ಟಿಬೆಟನ್ನರು ಕಾನೂನಿನ ದೃಷ್ಟಿಯಲ್ಲಿ ವಿದೇಶಿಯರೇ. ಇಲ್ಲಿಯೇ ಹುಟ್ಟಿದವರೂ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು. 1950ರ ಜನವರಿ 26ರಂದು ಅಥವಾ ಆಮೇಲೆ, 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಜನ್ಮತಃ ಪೌರರೆಂದು ನ್ಯಾಯಾಲಯಗಳು ಎತ್ತಿಹಿಡಿದಿದ್ದರೂ, ಪೌರತ್ವ ಪಡೆದರೆ ತಾಯ್ನಾಡಿನ ಹಕ್ಕೊತ್ತಾಯ ಸಡಿಲಗೊಂಡೀತೆಂಬ ಅಳುಕು ಅನೇಕರನ್ನು ಹಿಂದೆಳೆಯುತ್ತದೆ. ಇತ್ತ ಯುವಕರು ಉದ್ಯೋಗ ಅರಸಿ ನಗರಗಳಿಗೂ ವಿದೇಶಗಳಿಗೂ ಹೋಗುತ್ತಿರುವುದರಿಂದ ವಸಾಹತುಗಳು ಬರಿದಾಗತೊಡಗಿವೆ.

ಹಾಗೆಂದು ಬೆಸುಗೆಯೆಂದರೆ ತನ್ನತನ ಕಳೆದುಕೊಂಡು ಕರಗಿಹೋಗುವುದೆಂದು ತಿಳಿಯಬೇಕಿಲ್ಲ. ನಿರಾಶ್ರಿತರಿಗೆ ನೆಲದಷ್ಟೇ ಗಟ್ಟಿಯಾದ ಕಾನೂನಿನ ಆಸರೆಯನ್ನೂ, ಅವರನ್ನು ಬರಮಾಡಿಕೊಂಡ ಊರಿಗೆ ಇಬ್ಬರೂ ಬಳಸಬಹುದಾದ ಶಾಲೆ, ಆಸ್ಪತ್ರೆ, ನೀರಿನ ಸೌಕರ್ಯಗಳನ್ನೂ ಏಕಕಾಲದಲ್ಲಿ ಕೊಡದ ಯಾವ ಪುನರ್ವಸತಿ ಯೋಜನೆಯೂ ಪೂರ್ಣವೆನಿಸದು.