ಜನಕನ ಪರೀಕ್ಷೆಯೋ, ದ್ರುಪದನ ಪರೀಕ್ಷೆಯೋ?

ಮೊದಲೇ ಹೇಳಿಬಿಡ್ತೀನಿ, ನಾನು ಬೇಟೆಗಾರನಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇರುವಾಗ ಜಿಂಕೆಗೆ ಬಾಣ ಬಿಡೋದು ಅಪರಾಧ, ಅಲ್ಲಿಗೆ ಮಾತು ಮುಗೀತು. ಆದರೆ ಅಮೆರಿಕದಲ್ಲಿ ಲೈಸೆನ್ಸ್ ತಗೊಂಡು ಬಿಲ್ಲು ಬಾಣದಲ್ಲಿ ಜಿಂಕೆ ಬೇಟೆ ಆಡಬಹುದು. 1934ರಲ್ಲೇ ವಿಸ್ಕಾನ್ಸಿನ್ ರಾಜ್ಯ ಬಿಲ್ಲುಗಾರರಿಗೆಂದೇ ಜಿಂಕೆ ಸೀಸನ್ ಶುರು ಮಾಡಿತ್ತು. ಆ ಬೇಟೆಯ ನಿಯಮಗಳನ್ನು ಓದ್ತಾ ಕೂತಾಗ ನನ್ನೊಳಗಿನ ಇಂಜಿನಿಯರ್‌ಗೆ ಒಂದು ಸಂಖ್ಯೆ ಕಿರಿಕಿರಿ ಮಾಡೋಕೆ ಶುರು ಮಾಡಿತು. ಅದೇ 'ಡ್ರಾ ವೇಯ್ಟ್'.

ಡ್ರಾ ವೇಯ್ಟ್ ಅಂದರೆ ಬಿಲ್ಲಿನ ತೂಕ ಅಲ್ಲ. ಹೆದೆಯನ್ನು ಹಿಂದಕ್ಕೆ ಎಳೆದು ಹಿಡಿಯೋಕೆ ಎಷ್ಟು ಬಲ ಬೇಕು ಅನ್ನೋ ಲೆಕ್ಕ. ಮಿನ್ನೆಸೋಟ, ವಿಸ್ಕಾನ್ಸಿನ್‌ಗಳಲ್ಲಿ ಜಿಂಕೆ ಬೇಟೆಗೆ ಕನಿಷ್ಠ 30 ಪೌಂಡ್ ಇರಬೇಕು. ಐಡಾಹೋದಲ್ಲಿ 40. ಅಲಾಸ್ಕಾದಲ್ಲಿ ಕಪ್ಪುಬಾಲದ ಜಿಂಕೆಗೆ 40, ಮೂಸ್‌ಗೆ 50. ಅಂದರೆ ಅದೇ ಬಿಳಿಬಾಲದ ಜಿಂಕೆಗೆ ಮಿನ್ನೆಸೋಟದಲ್ಲಿ 30 ಸಾಕು, ಐಡಾಹೋಗೆ ಹೋದರೆ 40 ಬೇಕು! ಜಿಂಕೆಯ ಚರ್ಮ ಅಷ್ಟರಲ್ಲಿ ದಪ್ಪ ಆಯ್ತಾ? :-)

ತಮಾಷೆ ಇರಲಿ, ನಿಯಮದ ಹಿಂದಿನ ಉದ್ದೇಶ ಒಳ್ಳೆಯದೇ. ಬಾಣ ಕೊಲ್ಲೋದು ಹೊಡೆತದ ರಭಸದಿಂದಲ್ಲ, ಕೊಯ್ಯುವುದರಿಂದ. ಹರಿತವಾದ ಮೊನೆ ಪಕ್ಕೆಲುಬು ದಾಟಿ ಶ್ವಾಸಕೋಶ ಅಥವಾ ಹೃದಯವನ್ನು ಸೀಳಿದರೆ ಪ್ರಾಣಿ ಬೇಗ ಸಾಯುತ್ತೆ. ಬಾಣ ಅರ್ಧದಲ್ಲೇ ನಿಂತರೆ? ಅದನ್ನು ಹೊತ್ತುಕೊಂಡೇ ಕಾಡೊಳಗೆ ಓಡಿ, ಎಲ್ಲೋ ಬಿದ್ದು ನರಳುತ್ತೆ. ಅದಾಗಬಾರದು ಅಂತಲೇ ಕಾನೂನು.

ಸಮಸ್ಯೆ ಇರೋದು ಅಳತೆಯಲ್ಲಿ.

ಒಂದು, 40 ಪೌಂಡ್ ಎಲ್ಲಾ ಬಿಲ್ಲಿಗೂ ಒಂದೇ ಅಲ್ಲ. ರಾಟೆಗಳಿರೋ ಕಾಂಪೌಂಡ್ ಬಿಲ್ಲು ಎಳೆತದ ಬಹುಪಾಲು ದೂರ ಪೂರ್ತಿ ಬಲ ಹಿಡಿದಿಟ್ಟುಕೊಳ್ಳುತ್ತೆ, ಕೊನೆಯಲ್ಲಿ ಕೈಗೆ ಹಗುರ ಆಗುತ್ತೆ. ಮರದ ಸಾಂಪ್ರದಾಯಿಕ ಬಿಲ್ಲಿನಲ್ಲಿ ಬಲ ಏರುತ್ತಾ ಹೋಗಿ ಕೊನೆಯ ಇಂಚಿನಲ್ಲಷ್ಟೇ 40 ಮುಟ್ಟುತ್ತೆ. 400 ಗ್ರೇನ್ (ಸುಮಾರು 26 ಗ್ರಾಂ) ಬಾಣವನ್ನು ಮರದ ಬಿಲ್ಲು ಸೆಕೆಂಡಿಗೆ 160 ಅಡಿ, ಕಾಂಪೌಂಡ್ 200 ಅಡಿ ವೇಗದಲ್ಲಿ ಬಿಡುತ್ತೆ ಅಂತ ಇಟ್ಟುಕೊಳ್ಳಿ. ಮೊದಲನೆಯದರ ಶಕ್ತಿ ಸುಮಾರು 31 ಜೂಲ್, ಎರಡನೆಯದು 48. ಕಾನೂನಿನ ಕಣ್ಣಿಗೆ ಮಾತ್ರ ಎರಡೂ '40'.

ಎರಡು, ಬಿಲ್ಲಿನ ಮೇಲೆ ಬರೆದಿರೋ ಸಂಖ್ಯೆ ಸಾಮಾನ್ಯವಾಗಿ 28 ಇಂಚು ಎಳೆದಾಗಿನದು. ಗಿಡ್ಡ ತೋಳಿನವರು 26 ಇಂಚು ಎಳೆದರೆ ಸಿಗೋದು 35ರ ಆಸುಪಾಸು. ಐಡಾಹೋ ನಿಯಮ 28 ಇಂಚಿನವರೆಗಿನ ಲೆಕ್ಕ ನೋಡುತ್ತೆ, ನಿಮ್ಮ ತೋಳಿನ ಉದ್ದ ಕೇಳಲ್ಲ. ಮಿನ್ನೆಸೋಟ ಮಾತ್ರ 'ಪೂರ್ತಿ ಎಳೆದಾಗ ಅಥವಾ ಅದಕ್ಕೂ ಮೊದಲು' ಅನ್ನುತ್ತೆ.

ಮೂರನೆಯದು ನನ್ನನ್ನು ಜಾಸ್ತಿ ಕಾಡೋದು. 32 ಪೌಂಡನ್ನು ನೆಟ್ಟಗೆ ಎಳೆದು, ನಿಂತು, ಗುರಿ ಹಿಡಿದು ಬಿಡಬಲ್ಲ ಒಬ್ಬ ಹೆಂಗಸು ಅಥವಾ ಭುಜ ನೋವಿರೋ ವಯಸ್ಸಾದವರು, ಕಾನೂನಿಗೋಸ್ಕರ 40ರ ಬಿಲ್ಲು ಹಿಡೀತಾರೆ. ನಾನು ಆರ್ಚರಿ ರೇಂಜಿನಲ್ಲಿ ಬಾಡಿಗೆಯ 25 ಪೌಂಡ್ ಬಿಲ್ಲು ಹಿಡಿದಾಗ ಮೂವತ್ತು ಬಾಣದ ಹೊತ್ತಿಗೆ ಕೈ ನಡುಗುತ್ತಿತ್ತು. ಶಕ್ತಿ ಮೀರಿದ ಬಿಲ್ಲು ಹಿಡಿದವರ ಬಾಣ ಎದೆಗೆ ಹೋಗೋ ಬದಲು ಹೊಟ್ಟೆಗೆ ಹೋಗುತ್ತೆ. ಯಾವ ನರಳಾಟ ತಪ್ಪಿಸೋಕೆ ನಿಯಮ ಬಂತೋ, ಅದನ್ನೇ ನಿಯಮ ಹುಟ್ಟಿಸಿದ ಹಾಗಾಯ್ತು.

1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಊರಲ್ಲಿ ಹೊರಜಗತ್ತಿಗೆ ಕಾಣಿಸಿಕೊಂಡ ಯಾಹಿ ಬುಡಕಟ್ಟಿನ ಇಶಿ ಬಗ್ಗೆ ಕೇಳಿರಬಹುದು. ಸ್ಯಾಕ್ಸ್‌ಟನ್ ಪೋಪ್ ಎಂಬ ಡಾಕ್ಟರ್ ಅವನಿಂದಲೇ ಬಿಲ್ವಿದ್ಯೆ ಕಲಿತು 1923ರಲ್ಲಿ ಪುಸ್ತಕ ಬರೆದ. ಇಶಿಯ ಬೇಟೆಯ ಬಿಲ್ಲು ಸುಮಾರು 40-45 ಪೌಂಡಿನದು. ಅಂದರೆ ಇವತ್ತಿನ ಗೆರೆಯ ಮೇಲೇ ನಿಂತಿತ್ತು. ಅವನ ಬಂಡವಾಳ ಪೌಂಡ್ ಅಲ್ಲ, ಪ್ರಾಣಿಯ ತೀರಾ ಹತ್ತಿರ ಹೋಗೋ ತಾಳ್ಮೆ.

ಅದೇ ಕ್ಯಾಲಿಫೋರ್ನಿಯಾದ ಇಂದಿನ ನಿಯಮ ನನಗೆ ತುಂಬಾ ಇಷ್ಟ. ಅಲ್ಲಿ ಪೌಂಡ್ ಮಾತೇ ಇಲ್ಲ. ನಿಮ್ಮ ಬಿಲ್ಲು ಬೇಟೆಯ ಬಾಣವನ್ನು 130 ಗಜ ದೂರ ಎಸೆಯಬೇಕು, ಬಾಣದ ಮೊನೆ ಕನಿಷ್ಠ 7/8 ಇಂಚು ಅಗಲ ಇರಬೇಕು, ಅಷ್ಟೆ. ಇನ್‌ಪುಟ್ ಅಳೆಯೋ ಬದಲು ಔಟ್‌ಪುಟ್ ಅಳೆಯೋದು ಅಂದರೆ ಇದೇ.

ಆದರೆ ಅದೂ ಸಾಲದು. ಹಗುರ ಬಾಣ ಸುಲಭವಾಗಿ ದೂರ ಹಾರುತ್ತೆ, ಒಳಗೆ ಇಳಿಯೋಕೆ ಬೇಕಾದ್ದು ಭಾರದ ಬಾಣ. ಅಲಾಸ್ಕಾ ಬಾಣಕ್ಕೆ ಕನಿಷ್ಠ 300 ಗ್ರೇನ್ ತೂಕ ಕೇಳುತ್ತೆ. ಡೆನ್ಮಾರ್ಕ್‌ನಲ್ಲಿ ಬಿಲ್ಲುಬೇಟೆಗೆ ಮೊದಲು ಗುರಿ ಪರೀಕ್ಷೆ ಪಾಸಾಗಬೇಕು. ಇವನ್ನೆಲ್ಲ ಸೇರಿಸಿ ನೋಡಿ: ಬೇಟೆಗಾರನ ಸ್ವಂತ ಎಳೆತದಲ್ಲಿ ಅಳೆದ 30 ಪೌಂಡ್ ತಳಮಟ್ಟ, ಬಾಣಕ್ಕೆ ಕನಿಷ್ಠ ತೂಕ, ಹರಿತವಾದ ಮೊನೆ, ಮತ್ತು ಲೈಸೆನ್ಸಿಗೆ ಮೊದಲು ಅದೇ ಬಿಲ್ಲಿನಲ್ಲಿ ಗುರಿ ಪರೀಕ್ಷೆ. ಜಿಂಕೆಗೂ ನ್ಯಾಯ, ಬಿಲ್ಲುಗಾರರಿಗೂ ನ್ಯಾಯ.

"ಕಾಡಲ್ಲಿ ವಾರ್ಡನ್ ತಕ್ಕಡಿ ಹಿಡಿದು ಪೌಂಡ್ ಅಳೀಬಹುದು, ಗುರಿ ಅಳೆಯೋಕಾಗುತ್ತಾ?" ಅಂತ ಕೇಳಬಹುದು. ಒಪ್ಪಿದೆ. ಆದರೆ ಗುರಿಯನ್ನು ಕಾಡಲ್ಲಿ ಅಳೆಯೋದು ಬೇಕಿಲ್ಲ, ಲೈಸೆನ್ಸ್ ಕೊಡೋ ಮೊದಲು ಅಳೆದರಾಯ್ತು. ಅಳೆಯೋಕೆ ಸುಲಭ ಅನ್ನೋ ಒಂದೇ ಕಾರಣಕ್ಕೆ ತಪ್ಪು ವಸ್ತುವನ್ನು ಅಳೆಯೋ ರೋಗ ನಮ್ಮ ಸಾಫ್ಟ್‌ವೇರ್‌ನಲ್ಲೂ ಇದೆ. ಕೋಡ್ ಎಷ್ಟು ಸಾಲು ಬರೆದ ಅಂತ ಎಣಿಸೋ ಮ್ಯಾನೇಜರ್‌ಗಳನ್ನು ನೀವೂ ಕಂಡಿರ್ತೀರಿ.

ನಮ್ಮ ಪುರಾಣದಲ್ಲಿ ಎರಡೂ ಪರೀಕ್ಷೆ ಇವೆ. ಜನಕ ಕೇಳಿದ್ದು ಶಿವಧನುಸ್ಸಿಗೆ ಹೆದೆ ಏರಿಸೋ ತಾಕತ್ತು. ದ್ರುಪದ ಹೆದೆ ಏರಿಸಿದ ಮೇಲೆ ಮತ್ಸ್ಯಯಂತ್ರವನ್ನೂ ಹೊಡಿ ಅಂದ. ಮದುವೆಗೆ ಯಾವುದಾದರೂ ನಡೆಯುತ್ತೆ, ಜಿಂಕೆಯ ವಿಷಯದಲ್ಲಿ ನನ್ನ ಓಟು ದ್ರುಪದನಿಗೆ.

ನೀವೇನಂತೀರಿ?