ಗಡಿನಾಡಿನ ಶಿಲ್ಪಿಯೂ ಅವನ ಪ್ರಶಸ್ತಿಕಾರರೂ

ಟೆಕ್ಸಾಸಿನ ಗಡಿನಾಡಿನಲ್ಲಿ ಯಾವ ಶಿಲ್ಪಶಾಲೆಯ ಪದವಿಯೂ ಇಲ್ಲದೆ ಗ್ರೀಕರ ಸ್ತಂಭಗಳನ್ನು ನಿಲ್ಲಿಸಿದ ಏಕಾಂಗವೀರನೆಂದು ಅಬ್ನರ್ ಕುಕ್ಕನನ್ನು ಕೊಂಡಾಡುವವರುಂಟು. ಕೊಂಡಾಡಲಿ. 1814ರಲ್ಲಿ ಉತ್ತರ ಕ್ಯಾರೊಲಿನದಲ್ಲಿ ಹುಟ್ಟಿದ ಆತನು 1839ರಲ್ಲಿ, ಆಸ್ಟಿನ್ ನಗರವಿನ್ನೂ ಕಣ್ಣು ಬಿಡುತ್ತಿದ್ದಾಗಲೇ, ಅಲ್ಲಿಗೆ ಬಂದನು. 1856ರಲ್ಲಿ ಮುಗಿದ ಗವರ್ನರರ ಭವನದ ಆರು ಅಯೋನಿಕ್ ಕಂಬಗಳನ್ನು ನೋಡಿದವರಾರೂ ಆತನ ಕಣ್ಣಳತೆಯನ್ನು ಅಲ್ಲಗಳೆಯಲಾರರು.

ಆದರೆ 'ಏಕಾಂಗ'ವೆಂಬ ಮಾತು ಸಲ್ಲದು. ಇಟ್ಟಿಗೆಯ ಮಣ್ಣನ್ನು ತುಳಿದವರಾರು? ಗೂಡಿನ ಉರಿಯ ಮುಂದೆ ನಿಂತವರಾರು? ಗುಲಾಮರು. ಮರವು ಬಾಸ್ಟ್ರಪಿನ ಪೈನೆಂದು ಪ್ರಶಸ್ತಿಕಾರರು ತಪ್ಪದೆ ಬರೆಯುತ್ತಾರೆ. ಮರಕ್ಕೆ ಊರು ದೊರೆಯಿತು, ಅದನ್ನು ಹೊತ್ತವನಿಗೆ ಹೆಸರೂ ದೊರೆಯಲಿಲ್ಲ!

ಅದು ಕಾಲಧರ್ಮವೆಂದು ಸಮಾಧಾನ ಹೇಳುವರು. ಒಳ್ಳೆಯದು, ಕುಕ್ಕನನ್ನು ಆ ಕಾಲದ ಅಳತೆಯಿಂದಲೇ ಅಳೆಯಬಹುದು. ಚರಿತ್ರೆಯನ್ನು ಬರೆಯುವವರಾದರೋ ಈ ಕಾಲದವರು. 1865ರ ಜೂನ್ 19ರಂದು ಟೆಕ್ಸಾಸಿನಲ್ಲಿ ದಾಸ್ಯವಿಮೋಚನೆಯ ಘೋಷಣೆಯಾದ ಮೇಲೆಯೂ ಇವರ ಲೇಖನಿಗೇಕೆ ಹಳೆಯ ಕಾಲಧರ್ಮ? ಆಸ್ಟಿನ್ನಿನಲ್ಲಿಯೇ ಕುಕ್ಕನು ಕಟ್ಟಿದ ನೀಲ್-ಕಾಕ್ರನ್ ಮನೆಯ ಹಿಂದೆ ಗುಲಾಮರ ಬಿಡಾರವು ಇಂದಿಗೂ ನಿಂತಿದೆ. ಮುಂದಿನ ಡೋರಿಕ್ ಕಂಬಗಳನ್ನು ಎಣಿಸಿ ಹಿಂದಿರುಗುವವರು ಇನ್ನು ನಾಲ್ಕು ಹೆಜ್ಜೆ ನಡೆದರೆ ಸಾಕು.

2008ರಲ್ಲಿ ಗವರ್ನರರ ಭವನಕ್ಕೆ ದುರಾತ್ಮನೊಬ್ಬನು ಬೆಂಕಿಯಿಟ್ಟನು. ಚಾವಣಿ ಬೆಂದಿತು, ಇಟ್ಟಿಗೆಯ ಗೋಡೆಗಳು ಉಳಿದುವು. 2012ರಲ್ಲಿ ಜೀರ್ಣೋದ್ಧಾರವು ಮುಗಿದುದು ಆ ಗೋಡೆಗಳನ್ನು ಆಧರಿಸಿಯೇ.